ಹಳೇ ಜಾವಾ ಕೊಳ್ಳುವ ಮುನ್ನ: ಅಸಲಿ ಗಾಡಿ ಗುರುತಿಸುವುದು ಹೇಗೆ?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಲಿನ ಊರುಗಳಲ್ಲಿ ಹಳೇ ಜಾವಾ ಅಥವಾ ಯೆಜ್ಡಿ ಮಾರಾಟಕ್ಕಿದೆ ಎಂಬ ಸುದ್ದಿ ಬಂದರೆ, ‘ಫುಲ್ ಒರಿಜಿನಲ್ ಗಾಡಿ’ ಎಂಬ ಮಾತೂ ಅದರ ಹಿಂದೆಯೇ ಬರುತ್ತದೆ. ಫಳಫಳ ಹೊಳೆಯುವ ಬಣ್ಣ ಕಂಡು ಮುಂಗಡ ಕೊಟ್ಟುಬಿಡಬೇಡಿ. ಗಾಡಿಯ ವರ್ಷ, ಆರ್‌ಸಿಯಲ್ಲಿರುವ ಸಂಖ್ಯೆ, ಮೈಮೇಲಿನ ಬಿಡಿಭಾಗಗಳು ಈ ಮೂರೂ ಒಂದಕ್ಕೊಂದು ತಾಳೆಯಾದರೆ ಮಾತ್ರ ಅದು ಅಸಲಿ. ತಾಳೆ ನೋಡುವ ಕ್ರಮ ಹೀಗಿದೆ.

1. ಮೊದಲು ವರ್ಷ ಗೊತ್ತುಮಾಡಿಕೊಳ್ಳಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಜೆಕೊಸ್ಲೊವಾಕಿಯಾದ ಪರವಾನಗಿಯಡಿ ಜಾವಾ 250 ತಯಾರಿಸತೊಡಗಿತು. 1973ರಿಂದ ಯೆಜ್ಡಿ ಹೆಸರು ಬಂತು. 1978ರಲ್ಲಿ ಯೆಜ್ಡಿಯ ರೋಡ್‌ಕಿಂಗ್ ಮಾದರಿ ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 1980ರ ಆರ್‌ಸಿ ಇರುವ ಗಾಡಿಯ ಟ್ಯಾಂಕಿನ ಮೇಲೆ ಜಾವಾ ಲಾಂಛನ ಕಂಡರೆ, ಅದು ಎಲ್ಲಿಂದ ಬಂತೆಂದು ಕೇಳಲೇಬೇಕು.

ಆದರೆ ಹೆಸರು ಬದಲಾದ ಆಸುಪಾಸಿನ ಗಾಡಿಗಳನ್ನು ಅವಸರದಲ್ಲಿ ತಳ್ಳಿಹಾಕಬೇಡಿ. ಹೊಸ ಭಾಗ ಬಂತೆಂದು ಯಾವ ಕಾರ್ಖಾನೆಯೂ ಗೋದಾಮಿನಲ್ಲಿರುವ ಹಳೇ ಭಾಗಗಳನ್ನು ಗುಜರಿಗೆ ಹಾಕುವುದಿಲ್ಲ. ಭಾರೀ ಎಂಜಿನ್ನಿನ ಅಮೆರಿಕದ ‘ಮಸಲ್ ಕಾರು’ಗಳನ್ನು ಸಂಗ್ರಹಿಸುವವರು ಇದನ್ನು ಚೆನ್ನಾಗಿ ಬಲ್ಲರು. 1964ರ ಪಾಂಟಿಯಾಕ್ ಜಿಟಿಒದಿಂದ ಶುರುವಾದ ಆ ಪೀಳಿಗೆಯ ಕಾರುಗಳಲ್ಲಿ ಎರಕದ ಮೇಲಿನ ತಾರೀಖನ್ನು ಕಾರು ಜೋಡಣೆಯಾದ ತಾರೀಖಿನ ಜೊತೆ ಹೋಲಿಸುತ್ತಾರೆ. ಭಾಗ ಕಾರಿಗಿಂತ ಸ್ವಲ್ಪ ಮೊದಲಿನದಾದರೆ ಸರಿ. ಕಾರು ತಯಾರಾದ ಮೇಲಿನದಾದರೆ ಆಮೇಲೆ ಹಾಕಿದ್ದು. ಜಾವಾ ನೋಡುವಾಗಲೂ ಈ ಲೆಕ್ಕವನ್ನೇ ಹಿಡಿಯಿರಿ.

2. ನೋಂದಣಿ ಸಂಖ್ಯೆ ಓದಿ

ಎಂವೈ, ಎಂಇ, ಸಿಎ ಎಂದು ಶುರುವಾಗುವ ಹಳೇ ಸರಣಿಯ ಸಂಖ್ಯೆ ಉಳಿದಿದ್ದರೆ ಅದು ಒಳ್ಳೆಯ ಲಕ್ಷಣ. ಕೆಎ-27 ಹಾವೇರಿಯದು, ಕೆಎ-68 ರಾಣೆಬೆನ್ನೂರಿನದು. ಕೆಎ-68 ಇತ್ತೀಚಿನ ಸರಣಿಯಾದ್ದರಿಂದ ಮೈಸೂರಿನ ಯಾವ ಜಾವಾಕ್ಕೂ ಅದು ಮೊದಲ ಸಂಖ್ಯೆಯಾಗಿರಲು ಸಾಧ್ಯವಿಲ್ಲ. ಅಂಥ ಗಾಡಿಯಾದರೆ ಹಿಂದಿನ ನೋಂದಣಿಯ ಕಾಗದಪತ್ರ ಕೇಳಿ.

3. ಪೆನ್ಸಿಲ್ ಪ್ರಿಂಟ್ ತೆಗೆಯಿರಿ

ಈ ಹೆಜ್ಜೆಯನ್ನು ಬಿಡಲೇಬಾರದು. ಹ್ಯಾಂಡಲ್ ಕೂರುವ ಫ್ರೇಮಿನ ತಲೆಭಾಗದಲ್ಲಿ ಚಾಸಿ ಸಂಖ್ಯೆಯನ್ನೂ ಕ್ರ್ಯಾಂಕ್‌ಕೇಸ್ ಮೇಲೆ ಎಂಜಿನ್ ಸಂಖ್ಯೆಯನ್ನೂ ಹುಡುಕಿ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲನ್ನು ಅಡ್ಡಲಾಗಿ ಹಿಡಿದು ಮೆಲ್ಲಗೆ ಉಜ್ಜಿ. ಅಂಕಿಗಳ ಆಳ ಮತ್ತು ಸಾಲು ಒಂದೇ ತೆರನಾಗಿವೆಯೇ? ಸುತ್ತಲಿನ ಲೋಹವನ್ನು ಗ್ರೈಂಡ್ ಮಾಡಿ ನುಣುಪುಗೊಳಿಸಿದ ಗುರುತಿದೆಯೇ? ಒಂದಂಕಿಯಲ್ಲಿ ಅನುಮಾನ ಬಂದರೂ ವ್ಯಾಪಾರ ಅಲ್ಲಿಗೇ ನಿಲ್ಲಿಸಿ. ಬಿಡಿಭಾಗ ಮುಂದೆಂದಾದರೂ ಸಿಕ್ಕೀತು. ತಿದ್ದಿದ ಸಂಖ್ಯೆಗೆ ಪರಿಹಾರವಿಲ್ಲ.

4. ಭಾಗಗಳನ್ನು ಮೂರು ಪಟ್ಟಿ ಮಾಡಿ

ಮೊದಲನೆಯದು, ಕಾರ್ಖಾನೆಯೇ ಮಾಡಿದ ಬದಲಾವಣೆ. ಆರಂಭದ ಜಾವಾಗಳಲ್ಲಿ ಜಿಕೋವ್ ಕಾರ್ಬೊರೇಟರ್ ಇತ್ತು. ಮುಂದೆ ಮಿಕ್‌ಕಾರ್ಬ್ ಬಂತು. ಎಂಬತ್ತರ ದಶಕದ ಯೆಜ್ಡಿಯಲ್ಲಿ ಮಿಕ್‌ಕಾರ್ಬ್ ಅಸಲಿ, 1962ರ ಜಾವಾದಲ್ಲಿ ಅದು ಆಮೇಲೆ ಕೂರಿಸಿದ್ದು.

ಎರಡನೆಯದು, ಗಾಡಿ ಓಡಲೆಂದು ಗ್ಯಾರೇಜಿನಲ್ಲಿ ಮಾಡಿದ ಬದಲಾವಣೆ. ಜಾವಾದ 6 ವೋಲ್ಟ್ ಡೈನಮೊ ವ್ಯವಸ್ಥೆಯನ್ನು 12 ವೋಲ್ಟಿಗೆ ಬದಲಿಸುವುದು ಇದಕ್ಕೆ ಉದಾಹರಣೆ. ಇದು ತಪ್ಪಲ್ಲ, ಆದರೆ ಬೆಲೆ ಕಟ್ಟುವಾಗ ಲೆಕ್ಕಕ್ಕೆ ಹಿಡಿಯಬೇಕು.

ಮೂರನೆಯದು, ಬರೀ ಅಲಂಕಾರ: ಬೇರೆ ಮಾದರಿಯ ಟ್ಯಾಂಕ್, ಅಗಲ ಟೈರು, ಕತ್ತರಿಸಿದ ಮಡ್‌ಗಾರ್ಡ್. ಕತ್ತರಿಸಿದ್ದನ್ನು ಸರಿಪಡಿಸುವುದು ಕಷ್ಟ. ಬೆಲೆ ಇಳಿಸಿ ಕೇಳಲು ಹಿಂಜರಿಯಬೇಡಿ.

5. ಮುಟ್ಟಿ ನೋಡಿ

ಜಾವಾ 250ರದು ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಎರಡೂ ಇರಬೇಕು. ಹಿಂದಿನ ಚೈನನ್ನು ಪೂರ್ತಿ ಮುಚ್ಚುವ ಕವರ್ ಇರಬೇಕು. ಎಡಗಡೆಯ ಲಿವರನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್. ಮೊದಲಿನ ಜಾಗಕ್ಕೆ ತಂದರೆ ಅದೇ ಗೇರ್ ಲಿವರ್. ಅದನ್ನು ಒತ್ತಿದಾಗ ಕ್ಲಚ್ ತಾನಾಗಿ ಬಿಡಬೇಕು. ಟೂಲ್‌ಬಾಕ್ಸ್ ಒಳಗೆ, ಟ್ಯಾಂಕಿನ ಅಡಿಗೆ, ಸೀಟಿನ ಕೆಳಗೆ ಟಾರ್ಚ್ ಬಿಟ್ಟು ಇಣುಕಿ ನೋಡಿ. ಸ್ಪ್ರೇ ತಲುಪದ ಮೂಲೆಗಳಲ್ಲಿ ಮೊದಲಿನ ಬಣ್ಣ ಉಳಿದಿರುತ್ತದೆ.

6. ನೋಂದಣಿ ಯಾವುದೆಂದು ಮೊದಲೇ ತೀರ್ಮಾನಿಸಿ

2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡಾಗದ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಹೊಲಕ್ಕೆ, ಸಂತೆಗೆ ದಿನವೂ ಓಡಿಸುವ ಗಾಡಿಗೆ ಇದು ತಕ್ಕುದಲ್ಲ. ವಿಂಟೇಜ್ ವಾಹನವನ್ನು ನಿತ್ಯ ಬಳಕೆಗೆ ರಸ್ತೆಗಿಳಿಸುವಂತಿಲ್ಲ. ಬ್ಯಾಡಗಿ ಮೆಣಸಿನಕಾಯಿ ಪೇಟೆಗೆ ಅದೇ ಗಾಡಿಯಲ್ಲಿ ಹೋಗಿಬರುವ ಇರಾದೆ ಇದ್ದರೆ ಮಾಮೂಲಿ ಆರ್‌ಸಿ ನವೀಕರಣವೇ ಸರಿ. ರೋಡ್‌ಕಿಂಗ್‌ಗಳಂತೂ 2028ರವರೆಗೆ ವಿಂಟೇಜ್ ಸಾಲಿಗೆ ಸೇರವು.

7. ಕೊಂಡ ಮೇಲೆ ಅವಸರ ಬೇಡ

ಗಾಡಿ ಮನೆಗೆ ಬಂದ ಕೂಡಲೇ ಬಿಚ್ಚಿ ಬಣ್ಣ ಹೊಡೆಸಬೇಡಿ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಬೆಂಗಳೂರು ಮೊದಲಾದ ಕಡೆ ಸೇರುವ ಗಾಡಿಗಳಲ್ಲಿ ನಿಮ್ಮದೇ ವರ್ಷದ್ದನ್ನು ಹುಡುಕಿ ಫೋಟೊ ತೆಗೆದುಕೊಳ್ಳಿ. ಯಾವ ಭಾಗ ಬದಲಿಸಿದಿರಿ, ಯಾವಾಗ, ಏಕೆ ಎಂಬುದನ್ನು ಒಂದು ವಹಿಯಲ್ಲಿ ಬರೆದಿಡಿ. ಬಿಚ್ಚಿದ ಭಾಗವನ್ನು ಚೀಟಿ ಕಟ್ಟಿ ಚೀಲದಲ್ಲಿ ಇಟ್ಟುಕೊಳ್ಳಿ, ತುಕ್ಕು ಹಿಡಿದಿದ್ದರೂ ಸರಿ. ಅದನ್ನು ತಯಾರಿಸಿದ ಮೂಲ ಕಾರ್ಖಾನೆ ಈಗಿಲ್ಲ. ಮುಂದೆ ಗಾಡಿಯನ್ನು ಮಕ್ಕಳಿಗೆ ಕೊಟ್ಟರೂ ಬೇರೆಯವರಿಗೆ ಮಾರಿದರೂ ಆ ವಹಿ ಮತ್ತು ಚೀಲ ಗಾಡಿಯ ಜೊತೆಗೇ ಹೋಗಬೇಕು. ಆಗ ‘ಒರಿಜಿನಲ್’ ಎಂದು ನೀವು ಹೇಳುವ ಮಾತಿಗೆ ಪುರಾವೆ ಇರುತ್ತದೆ.