ರೂಮೋ ಫ್ಲ್ಯಾಟೋ: ಆಟೋ ಖರ್ಚನ್ನೂ ಸೇರಿಸಿ ನೋಡಿ

ಮತ್ಸ್ಯಗಂಧ ರೈಲಿನಲ್ಲಿ ಬಂದು ಠಾಣೆಯಲ್ಲಿ ಇಳಿಯುವ ನಮ್ಮ ಕರಾವಳಿಯ ಕುಟುಂಬಗಳು ಮದುವೆಗೋ ಗೃಹಪ್ರವೇಶಕ್ಕೋ ಬರುವಾಗ ಈಗ ಲಾಡ್ಜಿಗಿಂತ ಮೊದಲು ಘೋಡಬಂದರ್ ರಸ್ತೆಯ ದಿನಬಾಡಿಗೆ ಫ್ಲ್ಯಾಟುಗಳನ್ನು ಹುಡುಕುತ್ತವೆ. ಹುಡುಕಲಿ, ತಪ್ಪಿಲ್ಲ. ಆದರೆ ಮೊಬೈಲಿನಲ್ಲಿ ಕಾಣುವ ಒಂದು ರಾತ್ರಿಯ ದರವನ್ನೇ ನಂಬಿ ದುಡ್ಡು ಕಟ್ಟಬಾರದು. ಈ ರಸ್ತೆಯಲ್ಲಿ ಯಾವುದು ಅಗ್ಗ ಎಂಬುದು ನಿಮ್ಮ ಕೆಲಸ ಎಲ್ಲಿದೆ ಎಂಬುದರ ಮೇಲೆ ನಿಂತಿದೆ.

ಲೆಕ್ಕಕ್ಕೆಂದು ಸ್ಟೇಷನ್ ಹತ್ತಿರದ ಡಬಲ್ ರೂಮಿಗೆ 2,800 ರೂಪಾಯಿ ಎಂದಿಟ್ಟುಕೊಳ್ಳೋಣ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಅಲ್ಲಿಗೆ 2,940. ನಾಲ್ವರಿಗೆ ಎರಡು ರೂಮು, ನಾಲ್ಕು ರಾತ್ರಿ: 23,520. ಘೋಡಬಂದರ್ ರಸ್ತೆಯ ಕಾಸರವಡವಲಿಯ ಫ್ಲ್ಯಾಟಿಗೆ ರಾತ್ರಿಗೆ 4,200, ಕ್ಲೀನಿಂಗಿಗೆ ಒಮ್ಮೆ 1,500, ಇವುಗಳ ಮೇಲೆ ಆ್ಯಪಿನ ಶುಲ್ಕ ಮತ್ತು ತೆರಿಗೆ ಸೇರಿ ಶೇ 15 ಎಂದುಕೊಂಡರೆ 21,045. ಸುಮಾರು ಎರಡೂವರೆ ಸಾವಿರ ಉಳಿಯಿತು ಅನ್ನಿಸುತ್ತದೆ. ಇಬ್ಬರೇ ಆದರೆ ಒಂದು ರೂಮು 11,760ಕ್ಕೆ ಮುಗಿಯುತ್ತದೆ, ಫ್ಲ್ಯಾಟಿನ ಮಾತೇ ಬೇಡ. ಒಂದೇ ರಾತ್ರಿಗೆ ಬಂದ ನಾಲ್ವರಿಗೂ ಕ್ಲೀನಿಂಗ್ ಶುಲ್ಕದ ಭಾರದಿಂದ ಫ್ಲ್ಯಾಟೇ ದುಬಾರಿ.

ಇನ್ನು ಆ ಎರಡೂವರೆ ಸಾವಿರದ ಗತಿ ನೋಡಿ. ಕಾಸರವಡವಲಿಯಿಂದ ಠಾಣೆ ಸ್ಟೇಷನ್ ಸುಮಾರು ಹತ್ತು ಕಿಲೋಮೀಟರು. 2025ರ ಫೆಬ್ರವರಿಯಲ್ಲಿ ಆಟೋದ ಕನಿಷ್ಠ ದರ 26 ರೂಪಾಯಿಗೆ ಏರಿದ ಮೇಲೆ ಇಷ್ಟು ದೂರಕ್ಕೆ ಮೀಟರು 170ರ ಆಸುಪಾಸು ತೋರಿಸುತ್ತದೆ. ಒಂದು ಆಟೋಕ್ಕೆ ಮೂವರೇ. ನಾಲ್ವರಿಗೆ ಎರಡು ಬೇಕು. ಹೋಗಿ ಬರಲು ದಿನಕ್ಕೆ 680. ಮೂರು ದಿನ ಮುಂಬಯಿ, ಡೊಂಬಿವಲಿ ಎಂದು ಓಡಾಡಿ, ಬಂದ ದಿನ ಹೊರಟ ದಿನದ ಆಟೋ ಕೂಡಿಸಿದರೆ ಉಳಿತಾಯ ಕರಗಿ ಕೈಯಿಂದಲೇ ಹೋಗುತ್ತದೆ. ಘೋಡಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ಕಳೆದ ಹೊತ್ತನ್ನು ಇಲ್ಲಿ ಹಿಡಿದೇ ಇಲ್ಲ. ಠಾಣೆ ಪಾಲಿಕೆಯ ಟಿಎಂಟಿ ಬಸ್ಸು ಅಗ್ಗ, ನಿಜ. ಆದರೆ ವಯಸ್ಸಾದವರನ್ನೂ ಪೆಟ್ಟಿಗೆಗಳನ್ನೂ ಕಟ್ಟಿಕೊಂಡು ಸಂಜೆಯ ಬಸ್ಸು ಹತ್ತಿ ಎಂದು ಹೇಳಲು ನನಗೆ ಮನಸ್ಸು ಬಾರದು. ಈ ರಸ್ತೆಗೆ ಬರುವ ಮೆಟ್ರೊ 4 ಪೂರ್ತಿಯಾಗಿ ಓಡತೊಡಗಿದರೆ ಈ ಲೆಕ್ಕವನ್ನು ಹೊಸದಾಗಿಯೇ ಹಾಕಬೇಕು.

ಅಡುಗೆಮನೆ ಇದೆಯಲ್ಲ ಎನ್ನುವವರಿದ್ದಾರೆ. ಮದುವೆಗೆ ಬಂದವರಿಗೆ ಊಟ ಮದುವೆಮನೆಯಲ್ಲೇ ಆಗುತ್ತದೆ. ಕೂಸು ಇದ್ದರೆ, ಪಥ್ಯದವರಿದ್ದರೆ, ಚಿಕಿತ್ಸೆಗೆ ವಾರಗಟ್ಟಲೆ ಉಳಿಯುವುದಿದ್ದರೆ ಮಾತ್ರ ಆ ಒಲೆಗೆ ನಿಜವಾದ ಬೆಲೆ ಇದೆ. ಆಗಲೂ ಖಾರ್‌ಘರ್‌ನ ಟಾಟಾ ಕ್ಯಾನ್ಸರ್ ಕೇಂದ್ರಕ್ಕೆ ಬಂದವರು ಖಾರ್‌ಘರ್‌ನಲ್ಲೇ ಮನೆ ನೋಡಬೇಕು. ಬಾಡಿಗೆ ಕಡಿಮೆಯೆಂದು ರೋಗಿಯನ್ನು ಘೋಡಬಂದರಿನಿಂದ ದಿನವೂ ಅಲ್ಲಿಗೆ ಕರೆದೊಯ್ಯುವುದು ಸಲ್ಲದು. ಮದುವೆಯ ಹಾಲ್, ನೆಂಟರ ಮನೆ ಎಲ್ಲವೂ ಈ ರಸ್ತೆಯಲ್ಲೇ ಇದ್ದು, ನಾಲ್ಕಾರು ಜನ ನಾಲ್ಕು ದಿನ ಇರುವುದಾದರೆ ಫ್ಲ್ಯಾಟನ್ನೇ ಹಿಡಿಯಿರಿ. ಆದರೆ ಅಡ್ವಾನ್ಸ್ ಕೊಡುವ ಮೊದಲು ದಿನಬಾಡಿಗೆಗೆ ಸೊಸೈಟಿಯ ಒಪ್ಪಿಗೆ ಇದೆಯೇ, ಗೇಟಿನಲ್ಲಿ ತಡೆದರೆ ಹಣ ವಾಪಸ್ ಕೊಡುತ್ತಾರೆಯೇ ಎಂದು ಮಾಲೀಕರಿಂದ ಮೆಸೇಜಿನಲ್ಲೇ ಉತ್ತರ ಪಡೆಯಿರಿ.