ಪೂರ್ವಾಪರ ತಿಳಿಯದ ನಾಯಿಮರಿ ಮತ್ತು ಲಸಿಕೆಯ ವಿಚಾರ

ನಮ್ಮ ಸೇಡಂ ತಾಲ್ಲೂಕಿನ ಮಳಖೇಡ ಹಿಂದೆ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದಿತೆಂಬುದು ವಾಚಕರಿಗೆ ವಿದಿತವೇ ಆಗಿದೆ. ಅಲ್ಲಿಂದ ಆಳಿದ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. ೯೪೯-೫೦ರ ಆತಕೂರು ಶಾಸನವು ಒಂದು ನಾಯಿಯ ಸ್ಮಾರಕ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನೆಂಬ ವೀರನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಅದು ಕಾಡುಹಂದಿಯೊಡನೆ ಕಾದಿ, ಹಂದಿಯನ್ನು ಕೊಂದು ತಾನೂ ಮಡಿಯಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮಣಲೇರನು ಕಾಳಿಯ ಗುಣವನ್ನರಿತೇ ಬೇಡಿರಬೇಕು. ನಮ್ಮ ಮಕ್ಕಳು ಮನೆಗೆ ತರುವ ಮರಿಗಳ ಸಂಗತಿ ಹಾಗಲ್ಲ. ಶಹಾಬಾದಿನ ಕಲ್ಲುಗಣಿಯ ಅಂಚಿನಿಂದ, ವಾಡಿ ಜಂಕ್ಷನ್ನಿನ ಹಳಿಗಳ ಬದಿಯಿಂದ, ಚಿಂಚೋಳಿಯ ಸಂತೆಯಿಂದ ಚೀಲದಲ್ಲಿ ಹಾಕಿಕೊಂಡು ಬಂದುಬಿಡುತ್ತಾರೆ. ತಾಯಿ ಯಾವುದು, ವಯಸ್ಸೆಷ್ಟು, ಲಸಿಕೆ ಬಿದ್ದಿದೆಯೇ ಎಂದು ಕೇಳಿದರೆ “ಹಾಕಿಸಿರಬಹುದು” ಎಂಬ ಉತ್ತರ ಬರುತ್ತದೆ. ಈ ‘ಬಹುದು’ ಎಂಬ ಒಂದು ಪದದ ಮೇಲೆಯೇ ನಾನು ಈ ಲೇಖನವನ್ನು ಬರೆಯುತ್ತಿದ್ದೇನೆ.

ಕಾರಣವುಂಟು. ನಾನು ಚಿತ್ತಾಪುರದಲ್ಲಿ ಮಾಧ್ಯಮಿಕ ಶಾಲೆಯಲ್ಲಿ ಓದುತ್ತಿದ್ದಾಗ ಸಹಪಾಠಿಯೊಬ್ಬನು ವಾಡಿಯಿಂದ ಒಂದು ಮರಿಯನ್ನು ತಂದನು. ರೊಟ್ಟಿ ಹಾಕುವಾಗ ಅದು ಅವನ ಬೆರಳನ್ನು ಕಚ್ಚಿತು. “ಹಾಲುಹಲ್ಲಿಗೆ ನಂಜೆಲ್ಲಿಯದು?” ಎಂದು ಹಿರಿಯರು ಗಾಯಕ್ಕೆ ಸುಣ್ಣ ಮೆತ್ತಿ ಸುಮ್ಮನಾದರು. ವಾರದೊಳಗೆ ಮರಿ ಅನ್ನ ಬಿಟ್ಟು ಸತ್ತಿತು. ಅದನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಎರಡು ತಿಂಗಳಾದ ಮೇಲೆ ಆ ಹುಡುಗನು ನೀರಿನ ತಂಬಿಗೆಯನ್ನು ಕಂಡು ನಡುಗಿದನು. ನಾಲ್ಕನೆಯ ದಿನ ಅವನಿರಲಿಲ್ಲ. ಅನಂತರ ಓಣಿಯ ನಾವಷ್ಟು ಹುಡುಗರು ದವಾಖಾನೆಗೆ ಹೋಗಿ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡೆವು. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಮದ್ದನ್ನು ಈಗ ಕೈಬಿಟ್ಟಿದ್ದಾರೆ. ಈಗಿನ ಲಸಿಕೆ ತೋಳಿಗೆ, ನಾಲ್ಕೈದು ಸಲ ಮಾತ್ರ. ಆದರೆ ನೀರಿನ ಭಯ ತೋರಿದ ಬಳಿಕ ಮದ್ದಿಲ್ಲವೆಂಬುದು ಮಾತ್ರ ಇಂದಿಗೂ ಬದಲಾಗಿಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನವು ‘ಜಲತ್ರಾಸ’ವೆಂದು ಕರೆದು, ಅಸಾಧ್ಯವೆಂದು ಸಾರಿದ್ದೂ ಅದನ್ನೇ.

ಪ್ರಕೃತ ವಿಷಯಕ್ಕೆ ಬರೋಣ. ಆದಿಯ ಗರಿಗಳು ಲುಪ್ತವಾದ ಓಲೆಗ್ರಂಥ ಕೈಗೆ ಬಂದಾಗ ಸಂಪಾದಕನು ಇಲ್ಲದ ಪದ್ಯಗಳನ್ನು ಊಹಿಸಿ ತುಂಬುವುದಿಲ್ಲ, ‘ಗ್ರಂಥಪಾತ’ವೆಂದು ಗುರುತಿಸುತ್ತಾನೆ. ಪಶುವೈದ್ಯರ ಕ್ರಮವೂ ಇದೇ. ದಿನಾಂಕ, ಲಸಿಕೆಯ ಹೆಸರು, ವೈದ್ಯರ ಸಹಿ ಇರುವ ಕಾರ್ಡು ಇಲ್ಲದಿದ್ದರೆ ಮರಿಗೆ ಏನೂ ಹಾಕಿಲ್ಲವೆಂದೇ ಎಣಿಸಿ ಮೊದಲಿನಿಂದ ಆರಂಭಿಸುತ್ತಾರೆ. “ಹಿಂದೆ ಹಾಕಿದ್ದರೆ ಎರಡನೆಯ ಬಾರಿ ಹಾಕಿ ಅಪಾಯವಾದೀತಲ್ಲ?” ಎಂದು ಕೆಲವರು ಶಂಕಿಸುತ್ತಾರೆ. ಹೆಚ್ಚಿಗೆ ಬಿದ್ದ ಒಂದು ಲಸಿಕೆಯಿಂದ ಆರೋಗ್ಯವಾದ ಮರಿಗೆ ಸಾಮಾನ್ಯವಾಗಿ ಹಾನಿಯಿಲ್ಲ. ಬೀಳದೆ ಹೋದುದರಿಂದ ಪ್ರಾಣಹಾನಿಯುಂಟು.

ವಯಸ್ಸನ್ನು ಹಲ್ಲು ಹೇಳುತ್ತದೆ. ಮೂರರಿಂದ ಆರು ವಾರಗಳಲ್ಲಿ ಹಾಲುಹಲ್ಲು ಮೂಡುತ್ತವೆ. ಮೂರೂವರೆ-ನಾಲ್ಕು ತಿಂಗಳ ಸುಮಾರಿಗೆ ಮುಂದಿನವು ಬೀಳತೊಡಗಿ, ಏಳು ತಿಂಗಳ ಹೊತ್ತಿಗೆ ಸ್ಥಿರದಂತಗಳೆಲ್ಲ ಬಂದಿರುತ್ತವೆ. ವಯಸ್ಸು ತಿಳಿಯುವುದೇಕೆ? ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆಯು ಮರಿಯ ಮೈಯಲ್ಲಿ ಕೆಲವು ವಾರ ಉಳಿದು, ನಾವು ಹಾಕುವ ಲಸಿಕೆಯನ್ನೇ ನಿಷ್ಫಲಗೊಳಿಸುತ್ತದೆ. ಅದು ಯಾವ ದಿನ ಮುಗಿಯುವುದೆಂದು ಹೊರಗಿನಿಂದ ಕಾಣದು; ಒಂದು ಮರಿಗೆ ಎಂಟನೆಯ ವಾರವಾದರೆ ಇನ್ನೊಂದಕ್ಕೆ ಹದಿನಾಲ್ಕನೆಯದು. ಆದಕಾರಣ ಡಿಸ್ಟೆಂಪರ್, ಪಾರ್ವೋ ಮುಂತಾದವುಗಳ ಸಂಯುಕ್ತ ಲಸಿಕೆಯನ್ನು ೬ರಿಂದ ೮ನೆಯ ವಾರದಲ್ಲಿ ಆರಂಭಿಸಿ, ೩-೪ ವಾರಗಳಿಗೊಮ್ಮೆ, ೧೬ ವಾರ ತುಂಬುವವರೆಗೂ ಹಾಕಿಸಬೇಕು. ಒಂದೇ ಸೂಜಿಗೆ ‘ಆಯಿತು’ ಎಂದು ನಿಲ್ಲಿಸುವವರೇ ನಮ್ಮಲ್ಲಿ ಹೆಚ್ಚು. ೧೬ ವಾರ ದಾಟಿದ ಮರಿಗೆ ೨-೪ ವಾರಗಳ ಅಂತರದಲ್ಲಿ ಎರಡು ಸಾಕೆನ್ನುತ್ತಾರೆ.

ಪಾರ್ವೋ ರೋಗವು ೧೯೭೮ರ ಸುಮಾರಿಗೆ ಜಗತ್ತಿನಲ್ಲಿ ಕಾಣಿಸಿಕೊಂಡದ್ದು. ನಮ್ಮ ಹಿರಿಯರು ಅದನ್ನರಿಯರು. ರಕ್ತಭೇದಿಯಾಗಿ ಮರಿ ಎರಡು ಮೂರು ದಿನಗಳಲ್ಲೇ ಹೋಗುತ್ತದೆ. ಸತ್ತ ಅಂಗಳದ ಮಣ್ಣಿನಲ್ಲಿ ವಿಷಾಣು ತಿಂಗಳುಗಟ್ಟಲೆ ಬದುಕಿರುವುದರಿಂದ ಅಲ್ಲಿಗೆ ಲಸಿಕೆಯಿಲ್ಲದ ಇನ್ನೊಂದು ಮರಿಯನ್ನು ತರಬಾರದು. ನೆಲವನ್ನು ತೊಳೆಯಲು ಬ್ಲೀಚಿಂಗ್ ಪುಡಿಯ ನೀರೇ ಬೇಕು.

ಹುಚ್ಚುನಾಯಿ ರೋಗದ ಲಸಿಕೆಯನ್ನು ಮರಿಗೆ ೧೨ ವಾರವಾದಾಗ ಹಾಕಿಸಿ, ವರ್ಷ ತುಂಬಿದಾಗ ಮತ್ತೆ, ಆಮೇಲೆ ವೈದ್ಯರು ಹೇಳಿದಂತೆ ಮುಂದುವರಿಸಬೇಕು. ೧೨ ವಾರಕ್ಕೆ ಮುಂಚೆ ಹಾಕಿಸಿದ್ದರೆ ಆ ವಯಸ್ಸಿಗೆ ಪುನಃ ಹಾಕಿಸಬೇಕು. ಇಲ್ಲಿಯೇ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಲಸಿಕೆಯ ರಕ್ಷಣೆ ಬಲಿಯಲು ಮೂರು ನಾಲ್ಕು ವಾರ ಬೇಕು. ತರುವ ಮುನ್ನವೇ ವಿಷ ಮೈಸೇರಿದ್ದರೆ ಆಮೇಲೆ ಹಾಕಿದ ಲಸಿಕೆ ತಡೆಯುವುದೆಂಬ ಭರವಸೆಯಿಲ್ಲ. ಆದ್ದರಿಂದ “ನಿನ್ನೆ ತಾನೆ ಸೂಜಿ ಹಾಕಿಸಿದೆವು” ಎಂದು ಮರಿಯ ಕಡಿತವನ್ನಾಗಲಿ, ಗಾಯದ ಮೇಲಣ ನೆಕ್ಕುವಿಕೆಯನ್ನಾಗಲಿ ಅಲಕ್ಷಿಸಲಾಗದು. ಸುಣ್ಣ, ಖಾರದಪುಡಿ ಯಾವುದೂ ಬೇಡ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಹಾಲುಹಲ್ಲಾದರೂ ಅಷ್ಟೇ.

ಇನ್ನು ಸಣ್ಣಪುಟ್ಟ ಸಂಗತಿಗಳು. ಜಂತುಹುಳುವಿನ ಔಷಧವನ್ನು ಲಸಿಕೆಗೆ ಮೊದಲೇ ಕುಡಿಸುವುದು ರೂಢಿ. ಜ್ವರ, ಭೇದಿ ಇದ್ದರೆ ವೈದ್ಯರು ಲಸಿಕೆಯನ್ನು ಮುಂದೂಡುತ್ತಾರೆ. ಹೊಸ ಮರಿಯನ್ನು ಎರಡು ವಾರ ಇತರ ನಾಯಿಗಳಿಂದ ಬೇರೆಯಾಗಿಡಬೇಕು. ಲಸಿಕೆಯು ೨ರಿಂದ ೮ ಡಿಗ್ರಿ ಶೈತ್ಯದಲ್ಲಿ ಇರತಕ್ಕದ್ದು. ವೈಶಾಖದ ನಮ್ಮ ಬಿಸಿಲಿನಲ್ಲಿ ಔಷಧದಂಗಡಿಯಿಂದ ಕೊಂಡು ಅಂಗಿಯ ಜೇಬಿನಲ್ಲಿಟ್ಟು ಬಸ್ಸು ಹತ್ತಿದರೆ ಊರು ಮುಟ್ಟುವಷ್ಟರಲ್ಲಿ ಅದು ಬರಿಯ ನೀರು. ಮರಿಯನ್ನೇ ಪಶು ಆಸ್ಪತ್ರೆಗೆ ಒಯ್ಯುವುದು ಲೇಸು.

ಕಳೆದ ಶ್ರಾವಣದಲ್ಲಿ ವಿದ್ಯಾರ್ಥಿನಿಲಯದ ಹುಡುಗರು ಗಣಿಯ ಕಡೆಯಿಂದ ತಂದ ಮರಿಯೊಂದನ್ನು ನಾನೇ ಅವರೊಡನೆ ಕರೆದುಕೊಂಡು ಹೋದೆನು. ವೈದ್ಯರು ಬಾಯಿ ತೆರೆದು ನೋಡಿ ಎರಡೂವರೆ ತಿಂಗಳೆಂದರು. ಹೊಸ ಕಾರ್ಡಿನಲ್ಲಿ ಹಿಂದಿನ ಲಸಿಕೆಗಳ ಸಾಲಿಗೆ ‘ತಿಳಿಯದು’ ಎಂದು ಬರೆದು, ಕೆಳಗೆ ಅಂದಿನ ದಿನಾಂಕ ಹಾಕಿದರು. ಮರಿ ತಮ್ಮಲ್ಲಿ ಯಾರಿಗಾದರೂ ಕಚ್ಚಿದೆಯೇ ಎಂದು ಅವರು ಕೇಳಿದಾಗ ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿದರು. ಹಿಂದೆ ನಿಂತಿದ್ದ ಚಿಕ್ಕವನು ಕೈ ಮುಂದೆ ಮಾಡಿದನು. ಅಲ್ಲಿಂದ ನಾವು ನೇರವಾಗಿ ಮನುಷ್ಯರ ದವಾಖಾನೆಗೆ ಹೋದೆವು.