ರಸ್ತೆಗಿಂತ ತಗ್ಗಾದ ನಿವೇಶನದಲ್ಲಿ ಮಳೆನೀರಿನ ನಿರ್ವಹಣೆ

ರಸ್ತೆಗೆ ಮರುಡಾಂಬರೀಕರಣ ಮಾಡುವಾಗ ಹಳೆಯ ಪದರವನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಸುವ ರೂಢಿ ನಮ್ಮ ನಗರಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಪ್ರತಿ ಬಾರಿ 30 ಮಿಲಿಮೀಟರ್‌ನಂತೆ ಏರಿದರೂ ಐದು ಬಾರಿಗೆ ರಸ್ತೆ ಅರ್ಧ ಅಡಿ ಮೇಲೇಳುತ್ತದೆ. ಕಟ್ಟುವಾಗ ರಸ್ತೆಯ ಮಟ್ಟದಲ್ಲಿದ್ದ ಮನೆಯೂ ಹೀಗೆ ತಗ್ಗಿಗೆ ಬೀಳುತ್ತದೆ. ಮೊದಲೇ ಹಿಂದಕ್ಕೆ ಇಳಿಜಾರಾದ ನಿವೇಶನದ ಪಾಡನ್ನು ಹೇಳಬೇಕಾಗಿಲ್ಲ. ಮುಂಭಾಗದಲ್ಲಿ ವಾಸ, ಹಿಂಭಾಗದಲ್ಲಿ ಗೋದಾಮು ಅಥವಾ ಕಾರ್ಯಾಗಾರ ಇರಿಸಿಕೊಂಡ ಸಣ್ಣ ಉದ್ಯಮಿಗಳಿಗೆ ಇದು ನೇರ ನಷ್ಟದ ವಿಷಯ. ನೂಲಿನ ಗಂಟು, ರಟ್ಟಿನ ಪೆಟ್ಟಿಗೆ, ಸಿಮೆಂಟ್ ಚೀಲ ಇವುಗಳನ್ನು ಕೆಡಿಸಲು ಒಂದು ರಾತ್ರಿಯ ನೀರು ಸಾಕು.

ಇಂತಹ ಸಂದರ್ಭದಲ್ಲಿ ಹೆಚ್ಚಿನವರು ಮೊದಲು ಪಂಪು ಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಕಟ್ಟಕಡೆಯ ಉಪಾಯ. ರಸ್ತೆಯ ನೀರನ್ನು ಹೊರಗೇ ತಡೆಯುವುದು, ಚಾವಣಿಯ ನೀರನ್ನು ನೆಲಕ್ಕೆ ಬೀಳಿಸದಿರುವುದು, ಉಳಿದ ನೀರಿಗೆ ನ್ಯಾಯವಾದ ದಾರಿ ಒದಗಿಸುವುದು ಇವಿಷ್ಟೂ ಆದ ಮೇಲೆ ಪಂಪಿನ ಮಾತು.

ಮೊದಲು ಲೆಕ್ಕ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಸುರಿದರೆ ಒಂದು ಲೀಟರ್ ನೀರು. 60×40 ಅಡಿಯ ನಿವೇಶನ ಸುಮಾರು 223 ಚದರ ಮೀಟರ್. ಗಂಟೆಗೆ 50 ಮಿಲಿಮೀಟರ್ ಮಳೆಯಾದರೆ ಅದರ ಮೇಲೆ ಬೀಳುವ ನೀರು 11,000 ಲೀಟರಿಗೂ ಹೆಚ್ಚು, ಎಂದರೆ ದೊಡ್ಡ ಟ್ಯಾಂಕರ್ ಒಂದರಷ್ಟು. ಇದರಲ್ಲಿ ಚಾವಣಿ 140 ಚದರ ಮೀಟರ್ ಇದ್ದರೆ 7,000 ಲೀಟರ್ ಚಾವಣಿಯದೇ ಆಯಿತು.

ಅನಂತರ ಮಟ್ಟ ನೋಡಬೇಕು. ಗಾರೆಯವರು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆಯೇ ಇದಕ್ಕೆ ಸಾಕು. ರಸ್ತೆಯ ನಡುಭಾಗ, ರಸ್ತೆಬದಿ ಚರಂಡಿಯ ತಳ, ಗೇಟು, ಮನೆಯ ಹೊಸ್ತಿಲು, ಹಿತ್ತಲಿನ ಅತಿ ತಗ್ಗಾದ ಮೂಲೆ, ಈ ಐದರ ಎತ್ತರವನ್ನು ಬರೆದಿಟ್ಟುಕೊಳ್ಳಬೇಕು. ಹಿತ್ತಲು ಚರಂಡಿಯ ತಳಕ್ಕಿಂತ ಕೆಳಗಿದ್ದರೆ ಅಲ್ಲಿಯ ನೀರು ತಾನಾಗಿ ಮುಂದಕ್ಕೆ ಹರಿಯುವ ಆಸೆಯನ್ನು ಅಲ್ಲಿಗೇ ಬಿಡಬೇಕು.

ಗೇಟಿನ ಬಳಿ

ಗೇಟಿನಿಂದ ನೇರವಾಗಿ ಇಳಿಯುವ ಇಳಿಜಾರು ರಸ್ತೆಯ ನೀರಿಗೆ ಕಾಲುವೆಯಾಗುತ್ತದೆ. ನಿವೇಶನದ ಗಡಿಯೊಳಗೆ ಇಳಿಜಾರನ್ನು ಮೊದಲು ನಾಲ್ಕರಿಂದ ಆರು ಅಂಗುಲ ಏರಿಸಿ ಆಮೇಲೆ ಇಳಿಸಿದರೆ ಬೀದಿಯ ನೀರು ಆ ದಿಬ್ಬದಲ್ಲೇ ನಿಲ್ಲುತ್ತದೆ. ಇಳಿಜಾರಿನ ಬುಡದಲ್ಲಿ ಗೇಟಿನ ಪೂರ್ಣ ಅಗಲಕ್ಕೆ ಜಾಲರಿ ಮುಚ್ಚಿದ ಅಡ್ಡಚರಂಡಿ ಇರಬೇಕು. ಸರಕಿನ ವಾಹನ ಬರುವಲ್ಲಿ ಜಾಲರಿ ಭಾರ ತಾಳುವಂತಿರಬೇಕು, ಹೂಳು ತೆಗೆಯಲು ಎತ್ತುವಂತೆಯೂ ಇರಬೇಕು. ಸಾರ್ವಜನಿಕ ಚರಂಡಿಯ ಮೇಲೆ ಕಾಂಕ್ರೀಟ್ ಸುರಿದು ದಿಬ್ಬ ಕಟ್ಟುವುದು ಮಾತ್ರ ಸಲ್ಲದು. ಕಟ್ಟಿಕೊಂಡ ಚರಂಡಿಯ ನೀರು ಮತ್ತೆ ತಗ್ಗಿನ ಮನೆಯನ್ನೇ ಹುಡುಕಿ ಬರುತ್ತದೆ.

ಚಾವಣಿಯ ನೀರು

ತಗ್ಗಿನ ನಿವೇಶನದಲ್ಲೂ ಚಾವಣಿ ರಸ್ತೆಗಿಂತ ಮೇಲಿರುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಈ ಎತ್ತರವೇ ಬಿಟ್ಟಿಯಾಗಿ ದೊರೆಯುವ ಪಂಪು. ಚಾವಣಿಯಿಂದ ಇಳಿಯುವ ಕೊಳವೆಯನ್ನು ಎಲ್ಲಿಯೂ ಬಾಯಿ ತೆರೆಯದಂತೆ ಬೆಸೆದು ರಸ್ತೆಬದಿ ಮಳೆನೀರಿನ ಚರಂಡಿಯವರೆಗೆ ಒಯ್ದರೆ, ಮೇಲಿನ ನೀರಿನ ಒತ್ತಡದಿಂದಲೇ ಅದು ಹೊರಬೀಳುತ್ತದೆ. ಕೊಳವೆಯ ತಗ್ಗಿನ ಭಾಗದಲ್ಲಿ ನೀರು ನಿಂತೇ ಇರುವುದರಿಂದ ಅಲ್ಲಿ ತೊಳೆಯುವ ಮುಚ್ಚಳವೊಂದು ಅವಶ್ಯ. ಅದಕ್ಕೂ ಮೊದಲು ಸಂಪ್ ತುಂಬಿಸಿ, ಮಿಕ್ಕಿದ್ದನ್ನು ಹೊರಬಿಡುವುದು ಲೇಸು. ಬೆಂಗಳೂರಿನಲ್ಲಿ 2009ರ ಜಲಮಂಡಳಿ ಕಾಯಿದೆಯ ತಿದ್ದುಪಡಿಯಿಂದ 60×40 ಅಡಿಯ ನಿವೇಶನಗಳ ಹಳೆಯ ಕಟ್ಟಡಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ಮಳೆನೀರನ್ನು ಒಳಚರಂಡಿಗೆ ಜೋಡಿಸುವುದು ನಿಯಮಬಾಹಿರ. ಜೋರು ಮಳೆಯಲ್ಲಿ ಒಳಚರಂಡಿ ಉಕ್ಕಿದಾಗ ಹೊಲಸು ಮೊದಲು ಏಳುವುದೂ ತಗ್ಗಿನ ಮನೆಯ ಬಚ್ಚಲಲ್ಲೇ. ಹಿಮ್ಮುಖ ಹರಿವನ್ನು ತಡೆಯುವ ವಾಲ್ವನ್ನು ಮನೆಯ ಒಳಚರಂಡಿ ಸಂಪರ್ಕಕ್ಕೆ ಕೂಡಿಸಿಕೊಳ್ಳಬೇಕು.

ಹಿತ್ತಲು ಮತ್ತು ನೆರೆಯವರು

ಅಂಗಳದ ಉಳಿದ ನಾಲ್ಕು ಸಾವಿರ ಲೀಟರಿಗೆ ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಇಂಗುಬಾವಿ ಸರಿಹೊಂದುತ್ತದೆ. ಅದರ ಅಳತೆಯೂ ಸುಮಾರು ಅಷ್ಟೇ. ಅದು ತಳಪಾಯದಿಂದಲೂ ತಡೆಗೋಡೆಯಿಂದಲೂ ದೂರವಿರಬೇಕು. ಹುಬ್ಬಳ್ಳಿಯ ಕಡೆಯ ಕಪ್ಪು ಎರೆಭೂಮಿಯಲ್ಲಿ ನೀರು ಬೇಗ ಇಂಗದು, ಮಣ್ಣು ಉಬ್ಬಿ ಗೋಡೆ ಬಿರುಕು ಬಿಡುವ ಅಪಾಯವೂ ಉಂಟು. ಅಲ್ಲಿ ಇಂಗುಬಾವಿಯನ್ನು ನೆಚ್ಚದಿರುವುದೇ ಮೇಲು. ಎಣ್ಣೆ, ಬಣ್ಣ, ರಾಸಾಯನಿಕ ಸೇರಿದ ಕಾರ್ಯಾಗಾರದ ನೀರು ಇಂಗುಬಾವಿಗೆ ಒಂದು ಹನಿಯೂ ಹೋಗಬಾರದು. ಅಂತರ್ಜಲ ಒಮ್ಮೆ ಕೆಟ್ಟರೆ ಇಡೀ ಬೀದಿಯ ಕೊಳವೆಬಾವಿಗಳು ಕೆಟ್ಟಂತೆ.

ನೀರನ್ನು ಕೆಳಗಿನ ನಿವೇಶನದ ಕಡೆ ಬಿಟ್ಟರಾಯಿತೆಂಬ ಯೋಚನೆ ಹಲವು ವ್ಯಾಜ್ಯಗಳಿಗೆ ಮೂಲ. 1882ರ ಈಸ್‌ಮೆಂಟ್ ಕಾಯಿದೆಯ 7ನೇ ಕಲಮಿನ ದೃಷ್ಟಾಂತದಂತೆ, ಮೇಲಿನ ಜಮೀನಿನಲ್ಲಿ ಬಿದ್ದು ನಿರ್ದಿಷ್ಟ ಕಾಲುವೆಯಿಲ್ಲದೆ ಸಹಜವಾಗಿ ಹರಿಯುವ ನೀರನ್ನು ಕೆಳಗಿನವನು ಬರಗೊಡಬೇಕು. ಕೊಳವೆಯಲ್ಲಿ ಒಟ್ಟುಗೂಡಿಸಿ ಒಂದೇ ಕಡೆ ಸುರಿಯುವ ನೀರಿಗೆ ಈ ರಕ್ಷಣೆಯನ್ನು ನೆಚ್ಚುವಂತಿಲ್ಲ. ನೆರೆಯವರ ಬದಿಯಿಂದ ಕೊಳವೆ ಒಯ್ಯಬೇಕಾದರೆ ಬಾಯಿಮಾತಿನ ಒಪ್ಪಿಗೆ ಸಾಲದು. ಹಕ್ಕನ್ನು ಪತ್ರದಲ್ಲಿ ಬರೆಸಿ ನೋಂದಾಯಿಸಬೇಕು. ಇಂದು ಒಪ್ಪಿದವರು ನಾಳೆ ನಿವೇಶನ ಮಾರಬಹುದು.

ಪಂಪು ಅನಿವಾರ್ಯವಾದಲ್ಲಿ

ಅಶ್ವಶಕ್ತಿಯನ್ನಷ್ಟೇ ಕೇಳಿ ಕೊಂಡರೆ ಸಾಲದು. ಬೇಕಾದ ಎತ್ತರಕ್ಕೆ ನಿಮಿಷಕ್ಕೆ ಎಷ್ಟು ಲೀಟರ್ ಎತ್ತುತ್ತದೆ ಎಂಬುದು ಮುಖ್ಯ. ಒಂದರ ಬದಲು ಎರಡು, ತಾವಾಗಿ ಚಾಲೂ ಆಗುವ ಫ್ಲೋಟ್ ಸ್ವಿಚ್, ವಿದ್ಯುತ್ ಹೋದಾಗ ಬದಲಿ ವ್ಯವಸ್ಥೆ ಇವೆಲ್ಲ ಇರಬೇಕು, ಏಕೆಂದರೆ ಗುಡುಗು ಮಳೆಯ ಹೊತ್ತಿಗೇ ವಿದ್ಯುತ್ ಕೈಕೊಡುತ್ತದೆ. ಪಂಪಿನ ಸ್ವಿಚ್‌ಬೋರ್ಡನ್ನು ರಸ್ತೆಯ ಮಟ್ಟಕ್ಕಿಂತ ಮೇಲೆ ಅಳವಡಿಸಬೇಕು. ನಿಂತ ನೀರಿನಲ್ಲಿ ಇಳಿದು ಸ್ವಿಚ್ ಒತ್ತಲು ಹೋಗಿ ಜೀವ ಕಳೆದುಕೊಳ್ಳುವ ಪ್ರಸಂಗ ಯಾರಿಗೂ ಬರಬಾರದು.

ಏಪ್ರಿಲಿನ ಮೊದಲ ಮಳೆಗೆ ಮುನ್ನ ಅಡ್ಡಚರಂಡಿ, ಚಾವಣಿಯ ತೂಬು, ಇಂಗುಬಾವಿಯ ಹೂಳುಗುಂಡಿ ಮೂರನ್ನೂ ಬರಿದು ಮಾಡಿ, ಎರಡು ಬಕೆಟ್ ನೀರು ಸುರಿದು ಅದು ಎತ್ತ ಹೋಗುತ್ತದೆಂದು ನೋಡಬೇಕು.